ಕೆರೆಯಂಗಳದ ಮಳೆ

ಮಕ್ಕಳಿಗೆ ಸಮಾಜ ಪಾಠ ಹೇಳುವ ನನಗೆ ಒಂದು ಸಂಗತಿ ಯಾವಾಗಲೂ ಸೋಜಿಗವೆನಿಸುತ್ತದೆ. ಪಠ್ಯಪುಸ್ತಕದಲ್ಲಿ ಪಟ್ಟಾಭಿಷೇಕವಿದೆ, ಯುದ್ಧವಿದೆ, ಒಪ್ಪಂದವಿದೆ. ಮಳೆ ಹಿಡಿದ ಒಂದು ಸಾಮಾನ್ಯ ದಿನ ಮನೆಯ ಹೆಂಗಸರು ನೀರಿಗೆ ಏನು ಮಾಡಿದರು, ದೀಪಕ್ಕೆ ಏನು ಮಾಡಿದರು ಎಂಬುದು ಮಾತ್ರ ಇಲ್ಲ. ಆದರೆ ಗಾಂಧಿನಗರದಲ್ಲಿ ಮನೆ ಮಾಡಿಕೊಂಡಿರುವ ನಮ್ಮಂಥವರಿಗೆ ಮಳೆಯೇ ಒಂದು ಚರಿತ್ರೆಯ ಪಾಠ.

ಗಾಂಧಿನಗರವೆಂದರೆ ಹೊರಗಿನವರಿಗೆ ಸಿನಿಮಾ. ಕನ್ನಡ ಚಿತ್ರರಂಗಕ್ಕೇ ಈ ಬಡಾವಣೆಯ ಹೆಸರು ಅಂಟಿಕೊಂಡುಬಿಟ್ಟಿದೆ. ಅಷ್ಟು ದೊಡ್ಡ ಕಪಾಲಿ ಚಿತ್ರಮಂದಿರ 2017ರಲ್ಲಿ ಮುಚ್ಚಿದಾಗ ಊರೆಲ್ಲ ಮರುಗಿತು. ಅದಕ್ಕೂ ಎಷ್ಟೋ ಮೊದಲು ಇಲ್ಲೇ ಪಕ್ಕದಲ್ಲಿ ಒಂದು ಕೆರೆ ಮಾಯವಾಯಿತಲ್ಲ, ಅದಕ್ಕೆ ಮರುಗಿದವರು ಎಷ್ಟು ಮಂದಿಯೋ!

ಆ ಕೆರೆಯ ಹೆಸರು ಧರ್ಮಾಂಬುಧಿ. ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿರುವುದು ಅದರ ಅಂಗಳದಲ್ಲೇ. ಕೆಂಪೇಗೌಡರ ಕಾಲದ್ದೆಂದು ಹೇಳುವ ಈ ಕೆರೆ ಪೇಟೆಯ ಜನರಿಗೆ ಬಹುಕಾಲ ನೀರು ಕೊಟ್ಟಿತು. 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಗೂ ಇದಕ್ಕೂ ಸಂಪರ್ಕವಿತ್ತು. 1890ರ ದಶಕದಲ್ಲಿ ಅರ್ಕಾವತಿಯ ಹೆಸರಘಟ್ಟದಿಂದ ನಗರಕ್ಕೆ ಕೊಳವೆಯಲ್ಲಿ ನೀರು ಬಂತು. ನಲ್ಲಿ ಬಂದ ಮೇಲೆ ಕೆರೆಯ ಹಂಗು ಯಾರಿಗೆ? ಕಾಲುವೆಗಳು ಮುಚ್ಚಿದವು, ಕೆರೆ ಬತ್ತಿತು, ಬಯಲಾಯಿತು. ಬಯಲಿನಲ್ಲಿ ಸಭೆಗಳು ನಡೆದವು, ಅದು ಸುಭಾಷ್ ನಗರವಾಯಿತು, ಆಮೇಲೆ ಬಸ್ಸುಗಳು ಬಂದು ನಿಂತವು. 2017ರ ಜೂನ್‌ನಿಂದ ಅದರ ಅಡಿಯಲ್ಲಿ ಮೆಟ್ರೊದ ಎರಡು ಮಾರ್ಗಗಳು ಕೂಡುತ್ತಿವೆ. ಕೆರೆಯ ಗುರುತಾಗಿ ಉಳಿದಿರುವುದು ಟ್ಯಾಂಕ್ ಬಂಡ್ ರಸ್ತೆ ಎಂಬ ಹೆಸರು. ಕೆರೆಯಿಲ್ಲ, ಏರಿಯ ಹೆಸರಿದೆ!

ಪೇಟೆಯಲ್ಲಿ ಹುಟ್ಟಿ ಬೆಳೆದ ನಮ್ಮಜ್ಜಿ ಬಸ್ ನಿಲ್ದಾಣವನ್ನು ಕೊನೆಯವರೆಗೂ 'ಕೆರೆ ಬಯಲು' ಎಂದೇ ಕರೆಯುತ್ತಿದ್ದರು. ಮಳೆ ಬಂತೆಂದರೆ ಮನೆಯಲ್ಲಿರುವ ಹಂಡೆ, ಕೊಳಗ, ಬಕೆಟ್ಟುಗಳೆಲ್ಲ ಸೂರಿನಡಿ ಸಾಲಾಗಿ ಕೂರಬೇಕು. "ಮನೆಯಲ್ಲಿ ನಲ್ಲಿ ಇದೆಯಲ್ಲಜ್ಜಿ" ಎಂದರೆ, "ನಲ್ಲಿ ಮನುಷ್ಯರು ಬಿಟ್ಟರೆ ಬರುತ್ತೆ ಮಗು, ಇದು ತಾನಾಗಿ ಬರುತ್ತೆ" ಎನ್ನುತ್ತಿದ್ದರು. ಮಳೆನೀರಿನಲ್ಲಿ ಬೇಳೆ ಬೇಗ ಬೇಯುತ್ತದೆಂದು ಅವರ ನಂಬಿಕೆ. ಗಡಸಿಲ್ಲದ ನೀರಿನಲ್ಲಿ ಬೇಳೆ ಬೇಗ ಮೆತ್ತಗಾಗುವುದು ನಿಜವೆಂದು ನಾನು ಕಾಲೇಜಿಗೆ ಹೋದ ಮೇಲೆ ತಿಳಿಯಿತು.

ಮಳೆಯಲ್ಲೂ ಕೆಲಸದ ದಿನ ಕೆಲಸದ ದಿನವೇ. ಬೆಳಿಗ್ಗೆ ಒಣಗದ ಸೀರೆಗೆ ಇಸ್ತ್ರಿ ಒತ್ತಿ, ಡಬ್ಬಿ ಕಟ್ಟಿ, ಕೊಡೆ ಹಿಡಿದು ಶಾಲೆಗೆ ಹೊರಡಬೇಕು. ತರಗತಿಯಲ್ಲಿ ಅರ್ಧ ಬೆಂಚು ಖಾಲಿ. ಬಂದ ಮಕ್ಕಳ ತಲೆಯಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಅಂಥ ದಿನ ಹೊಸ ಪಾಠ ತೆಗೆಯುವುದಿಲ್ಲ, ಕಥೆ ಹೇಳುತ್ತೇನೆ. ಸಂಜೆ ಮನೆಗೆ ಬಂದು ಕಾಲು ತೊಳೆದು, ಫಿಲ್ಟರಿನಲ್ಲಿ ಇಳಿದ ಡಿಕಾಕ್ಷನ್‌ಗೆ ಹಾಲು ಬೆರೆಸಿ ಮೊದಲ ಗುಟುಕು ಕುಡಿದರೆ ಅದೇ ಸ್ವರ್ಗ. ಒಲೆಯ ಮೇಲೆ ಈರುಳ್ಳಿ ಬಜ್ಜಿ ಇಲ್ಲವೇ ಉಪ್ಪು ಹಾಕಿ ಬೇಯಿಸಿದ ಹಸಿ ಕಡಲೆಕಾಯಿ. ನಡುಮನೆಯ ಹಗ್ಗದ ಮೇಲೆ ಒದ್ದೆ ಬಟ್ಟೆ, ಮಡಿಲಲ್ಲಿ ತಿದ್ದಬೇಕಾದ ನೋಟ್‌ಪುಸ್ತಕ, ಮೂಲೆಯಲ್ಲಿ ರೇಡಿಯೊ. ಬೆಂಗಳೂರು ಆಕಾಶವಾಣಿ ಶುರುವಾದದ್ದು 1955ರ ರಾಜ್ಯೋತ್ಸವದ ತಿಂಗಳಲ್ಲಿ. ನಮ್ಮಮ್ಮನ ಕಾಲದ ಮಳೆಗಾಲದ ಮಧ್ಯಾಹ್ನಗಳನ್ನೆಲ್ಲ ಅದೇ ತುಂಬಿತ್ತು. ಕರೆಂಟು ಹೋಯಿತೆಂದು ಗೊಣಗುವ ಮಕ್ಕಳಿಗೆ, ಶಿವನಸಮುದ್ರದ ವಿದ್ಯುತ್ತು ಈ ಊರಿಗೆ ಬಂದದ್ದೇ 1905ರಲ್ಲಿ, ಅದಕ್ಕೆ ಮೊದಲು ಇಲ್ಲಿ ಪ್ರತಿ ಸಂಜೆಯೂ ಹೀಗೇ ಇತ್ತು ಎಂದು ಹೇಳುತ್ತೇನೆ. ಅವರಿಗೆ ಸಮಾಧಾನವೇನೂ ಆಗುವುದಿಲ್ಲ ಅನ್ನಿ!

ಈ ಸುಖಗಳೆಲ್ಲ ಚಿಕ್ಕವು. ಇವು ಎಷ್ಟು ದೂರದಿಂದ ಬರುತ್ತವೆಂದು 2022ರ ಸೆಪ್ಟೆಂಬರ್ 5ರಂದು ಅರ್ಥವಾಯಿತು. ಅಂದು ಸೋಮವಾರ, ಶಿಕ್ಷಕರ ದಿನಾಚರಣೆ. ಹುಬ್ಬೆ ಮಳೆ. ಹಿಂದಿನ ರಾತ್ರಿಯಿಂದ ಬೆಳಗಾಗುವುದರೊಳಗೆ ನಗರದಲ್ಲಿ 131.6 ಮಿಲಿಮೀಟರ್ ಸುರಿದಿತ್ತು. ಬೆಳ್ಳಂದೂರಿನ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. ಅದೇ ಹೊತ್ತಿಗೆ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಕಾವೇರಿ ನೀರೆತ್ತುವ ಪಂಪ್‌ಹೌಸಿಗೆ ಪ್ರವಾಹ ನುಗ್ಗಿ, ಬೆಂಗಳೂರಿನ ಎಷ್ಟೋ ಬಡಾವಣೆಗಳಿಗೆ ನೀರು ನಿಂತಿತು. ಬೀದಿಯಲ್ಲಿ ಮೊಣಕಾಲುದ್ದ ನೀರು, ನಲ್ಲಿಯಲ್ಲಿ ಹನಿಯಿಲ್ಲ! ಹೆಸರಘಟ್ಟ ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿ, ಅದೂ ಸಾಲದೆ 1974ರಲ್ಲಿ ಸುಮಾರು ನೂರು ಕಿಲೋಮೀಟರ್ ದೂರದ ಕಾವೇರಿ. ಹತ್ತಿರದ ಕೆರೆ ಬಿಟ್ಟು ದೂರದೂರ ಹೋಗುತ್ತಾ ಬಂದ ಊರಿನ ಕಥೆಯೆಲ್ಲ ಆ ಒಂದು ದಿನದಲ್ಲಿತ್ತು. ನಮ್ಮ ನಲ್ಲಿಯೂ ಕೈಕೊಟ್ಟೀತೆಂದು ನಾನೂ ಅಜ್ಜಿಯ ಹಂಡೆಯನ್ನು ಅಟ್ಟದಿಂದ ಇಳಿಸಿ ಸೂರಿನಡಿ ಇಟ್ಟೆ.

ಆ ವಾರವೇ ನಮ್ಮ ಮನೆಗೆಲಸಕ್ಕೆ ಬರುವಾಕೆ ಎರಡು ದಿನ ತಡವಾಗಿ ಬಂದಳು. ಬಜ್ಜಿಯ ತಟ್ಟೆ ಮುಂದಿಟ್ಟರೆ ನಕ್ಕು ಹೇಳಿದಳು: "ನಿಮಗೇನಮ್ಮ, ಮಳೆ ಬಂದ್ರೆ ಬಾಣಲೆ ಒಲೆ ಮೇಲೆ ಇಡ್ತೀರ. ನಾವು ಒಲೇನೇ ಮಂಚದ ಮೇಲೆ ಇಡ್ತೀವಿ." ಅವಳ ಮನೆ ರಾಜಕಾಲುವೆಯ ಪಕ್ಕದಲ್ಲಿದೆ. ಕೆರೆಗೆ ಹೋಗಬೇಕಾದ ನೀರು ಕೆರೆ ಕಾಣದೆ ಅವಳ ಹೊಸಿಲು ದಾಟುತ್ತದೆ. ನಾನು ಮಾತಾಡದೆ ಇನ್ನೊಂದು ಲೋಟ ಕಾಫಿ ಬೆರೆಸಿದೆ. ಇಬ್ಬರೂ ಕೂತು ಕುಡಿದೆವು.

2023ರ ಮೇ 21ರಂದು, ನಮ್ಮ ಬಡಾವಣೆಗೆ ಬಹಳ ದೂರವೇನಲ್ಲದ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಮಳೆನೀರು ತುಂಬಿ, ಮನೆಯವರೊಡನೆ ಕಾರಿನಲ್ಲಿ ಬರುತ್ತಿದ್ದ ಯುವತಿಯೊಬ್ಬಳು ಮುಳುಗಿ ತೀರಿಕೊಂಡಳು. ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನವಳು. ಅಂದಿನಿಂದ ಮಳೆಯ ಸಂಜೆ ಮನೆಯವರೆಲ್ಲ ಒಳಗೆ ಬಂದು ಚಪ್ಪಲಿ ಬಿಡುವ ಸದ್ದು ಕೇಳುವವರೆಗೆ ನನಗೆ ಕಾಫಿ ರುಚಿಸುವುದಿಲ್ಲ. ಮನೆಯಲ್ಲಿ ಬೆಚ್ಚಗೆ ಕೂರುವ ಸುಖ ದೊಡ್ಡದು. ಎಲ್ಲರೂ ಮನೆ ಸೇರಿದ ಮೇಲಷ್ಟೇ ಅದು ಸುಖ.

ಈಗ ಪ್ರತಿ ಮಳೆಗಾಲ ನನ್ನ ತರಗತಿಯ ಮಕ್ಕಳಿಗೆ ಒಂದು ಮನೆಗೆಲಸ ಕೊಡುತ್ತೇನೆ. ಮನೆಯಲ್ಲಿರುವ ಹಿರಿಯರನ್ನು ಕೇಳಿ, ನಿಮ್ಮ ಬೀದಿಯ ಮಳೆನೀರು ಮೊದಲು ಯಾವ ಕೆರೆಗೆ ಹೋಗುತ್ತಿತ್ತೆಂದು ಬರೆದು ತನ್ನಿ. ಸಂಪಂಗಿ ಕೆರೆ ಕ್ರೀಡಾಂಗಣವಾಯಿತು, ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು. ಮಕ್ಕಳು ಇನ್ನೂ ಎಷ್ಟೋ ಹೆಸರು ಹೊತ್ತು ತರುತ್ತಾರೆ. ಕಳೆದ ವರ್ಷ ಒಬ್ಬಳು ಪುಟ್ಟ ಹುಡುಗಿ ಕೇಳಿದಳು: "ಮಿಸ್, ನೀರಿಗೆ ದಾರಿ ನೆನಪಿರುತ್ತಾ?"

"ಇರುತ್ತಮ್ಮ" ಎಂದೆ, "ಮರೆಯೋರು ನಾವು."