ಜೆಪ್ಪುವಿನ ಹಂಚಿನ ಕಾರ್ಖಾನೆ ಮತ್ತು ಜೀತದ ಪ್ರಶ್ನೆ

ಕರಾವಳಿಯ ಹಳೆಯ ಮನೆಯ ಮಾಡಿನಿಂದ ಇಳಿಸಿದ ಹಂಚನ್ನು ಮಗುಚಿದರೆ ಎಷ್ಟೋ ಸಲ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯ ಹೆಸರೂ 1865 ಎಂಬ ಇಸವಿಯೂ ಕಾಣುತ್ತವೆ. ಇದನ್ನು ಹಂಚು ಸುಟ್ಟ ವರ್ಷವೆಂದು ತಿಳಿಯುವವರುಂಟು. ವಾಸ್ತವದಲ್ಲಿ, ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿ ನದಿಯ ಆವೆಮಣ್ಣನ್ನು ನಂಬಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹೂಡಿದ ವರ್ಷ ಅದು. ಅಮೆರಿಕದ ಸಂವಿಧಾನದ 13ನೇ ತಿದ್ದುಪಡಿ ಗುಲಾಮಗಿರಿಯನ್ನು ರದ್ದುಪಡಿಸಿದ್ದೂ ಆಗಲೇ; ಕಾಕತಾಳೀಯ, ಅಷ್ಟೆ. ಆದರೂ ಈ ಕಾರ್ಖಾನೆಗೆ ಜೀತವಿಮೋಚನೆಯ ಚರಿತ್ರೆಯಲ್ಲಿ ಜಾಗವಿದೆ ಎಂಬುದು ನನ್ನ ವಾದ. ಆ ಜಾಗ ದೊರಕಿಸಿಕೊಟ್ಟದ್ದು ನಗದು ಕೂಲಿ.

1801ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸಮೀಕ್ಷೆಗಾಗಿ ಈ ಕರಾವಳಿಯ ಕೆನರಾ ಸುತ್ತಿದ ಫ್ರಾನ್ಸಿಸ್ ಬುಕಾನನ್ ಒಡೆಯರು ಮಾರಬಹುದಾಗಿದ್ದ ಆಳುಗಳ ಬಗ್ಗೆ ಬರೆದಿಟ್ಟಿದ್ದಾನೆ. 1843ರ 5ನೇ ಕಾಯಿದೆ ಈ ಒಡೆತನಕ್ಕೆ ಕೋರ್ಟಿನ ಬೆಂಬಲವನ್ನು ತೆಗೆದುಹಾಕಿತು. ಆಳನ್ನು ಇಟ್ಟುಕೊಳ್ಳುವುದೇ ಅಪರಾಧವೆಂದು ಮಾತ್ರ ಅದು ಹೇಳಲಿಲ್ಲ. ಕೊಳ್ಳುವ, ಮಾರುವ ವ್ಯವಹಾರಕ್ಕೆ ಶಿಕ್ಷೆ ಬಂದದ್ದು 1860ರ ದಂಡಸಂಹಿತೆಯಲ್ಲಿ. ಗುಡಿಸಲು ಕಟ್ಟಿದ ನೆಲ, ಉಣ್ಣುವ ಭತ್ತ, ಮದುವೆಗೆ ತಂದ ಸಾಲ ಎಲ್ಲವೂ ಒಡೆಯನದಾಗಿರುವಾಗ ಕೋರ್ಟು ಬಿಟ್ಟುಬಿಟ್ಟ ಮಾತ್ರಕ್ಕೆ ಆಳು ಗದ್ದೆ ಬಿಟ್ಟು ಹೋಗುವಂತಿರಲಿಲ್ಲ. ಮಣ್ಣು ಹದಮಾಡಿ, ಅಚ್ಚಿಗೆ ಒತ್ತಿ, ನೆರಳಲ್ಲಿ ಒಣಗಿಸಿ ಗೂಡಿಗೆ ಹೇರುವ ಕೆಲಸಕ್ಕೆ ಹಣ ಎಣಿಸಿಕೊಡುವ ಜಾಗವೊಂದು ಹುಟ್ಟಿದಾಗಲೇ ಹೋಗಲು ಒಂದು ದಿಕ್ಕು ಕಂಡದ್ದು.

ಇದಕ್ಕೆ ಬಲವಾದ ಆಕ್ಷೇಪವಿದೆ: ಮಂಗಳೂರಿನಲ್ಲಿ ಮಿಶನ್ ಸೇರಿದವರಲ್ಲಿ ಬಿಲ್ಲವರೇ ಹೆಚ್ಚು, ಒಡೆಯನ ನೆಲಕ್ಕೆ ಕಟ್ಟುಬಿದ್ದಿದ್ದ ಮೂಲದಾಳುಗಳಲ್ಲ; ಮತಾಂತರದಿಂದ ಕುಲಕಸುಬೂ ಗೇಣಿಯೂ ತಪ್ಪಿದವರಿಗೆ ಕೆಲಸ ಕೊಡಲೆಂದೇ ಕಾರ್ಖಾನೆಗಳು ಬಂದವು. ಇದನ್ನು ನಾನು ಒಪ್ಪುತ್ತೇನೆ. ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿ ತನ್ನ ಚರ್ಚ್ ಸಭೆಯವರು ಗುಲಾಮರನ್ನು ಇಟ್ಟುಕೊಳ್ಳಬಾರದೆಂದು 1860ರ ದಶಕದಲ್ಲಿ ಕಟ್ಟಪ್ಪಣೆ ಮಾಡಿದ್ದು ಇದೇ ಮಿಶನ್. ಆದರೆ ಜೆಪ್ಪುವಿನ ಕಾರ್ಖಾನೆಯನ್ನು ಅಂಥ ಉದ್ದೇಶದ ಫಲವೆಂದು ಹೊಗಳುವುದು ಅತಿಯಾದೀತು. ಕೊಡಗಿನಲ್ಲಿ ಜೀತದಲ್ಲಿದ್ದ ಹೊಲೆಯರಿಗಾಗಿ ಇದೇ ಮಿಶನ್ನಿನ ಮೋಗ್ಲಿಂಗ್ 1850ರ ದಶಕದಲ್ಲಿ ನೆಲೆಗೊಳಿಸಿದ ಆನಂದಪುರಕ್ಕೇ ಆ ಮಾತು ಹೆಚ್ಚು ಸಲ್ಲುತ್ತದೆ. ಕೆಲಸ ಕೊಡುವವನೇ ಸಭೆಯ ಶಿಸ್ತನ್ನೂ ಕಾಯುತ್ತಿದ್ದ ಕಡೆ ಸ್ವಾತಂತ್ರ್ಯ ಪೂರ್ತಿಯಾಗಿತ್ತೆನ್ನಲೂ ಆಗದು. ಆದರೆ ಮಿಶನ್ನಿನ ಉದ್ದೇಶ ಒಂದು, ಅದರ ಪರಿಣಾಮ ಇನ್ನೊಂದು. ಪ್ಲೆಬ್ಸ್ಟನನ್ನು ನೋಡಿ ನದೀದಂಡೆಯಲ್ಲಿ ಬೇರೆಯವರ ಹಂಚಿನ ಕಾರ್ಖಾನೆಗಳೂ ಎದ್ದವು. ಅಲ್ಲಿ ಕೂಲಿಗೆ ಜ್ಞಾನಸ್ನಾನದ ಷರತ್ತಿರಲಿಲ್ಲ. ಈ ಕಾರ್ಖಾನೆಗಳ ಚರಿತ್ರೆ ಬರೆಯುವವರು ಮಿಶನ್ ವರದಿಗಳಲ್ಲೇ ನಿಲ್ಲದೆ ತಾಲೂಕಿನ ಸಾಲಪತ್ರ, ಗೇಣಿಚೀಟಿಗಳನ್ನೂ ಬಿಚ್ಚಿ ಓದಲಿ.