ಹಿರಿಯಳ ಹಕ್ಕು, ಕಿರಿಯಳ ಪಾಡು

ಗಂಡುಸಂತಾನವಿಲ್ಲವೆಂದೋ, ಹೊಲದ ದುಡಿಮೆಗೆ ಕೈ ಸಾಲದೆಂದೋ ಮೊದಲ ಹೆಂಡತಿಯಿರುವಾಗಲೇ ಮತ್ತೊಬ್ಬಳನ್ನು ಮದುವೆಯಾಗಿ ತರುವುದು ನಮ್ಮ ಹಳ್ಳಿಗಳಲ್ಲಿ ಹಿಂದೆ ಅಪರೂಪವಾಗಿರಲಿಲ್ಲ. ಹಿಂದೂಗಳಲ್ಲಿ ಈ ಪದ್ಧತಿಯನ್ನು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ವಿಜಾಪುರಗಳಲ್ಲಿ 1946ರ ಕಾಯಿದೆಯೂ, ಮದರಾಸಿಗೆ ಸೇರಿದ್ದ ಮಂಗಳೂರು, ಬಳ್ಳಾರಿಗಳಲ್ಲಿ 1949ರ ಕಾಯಿದೆಯೂ ನಿಷೇಧಿಸಿದವು. 1955ರ ಹಿಂದೂ ವಿವಾಹ ಕಾಯಿದೆಯಿಂದ ನಿಷೇಧವು ಕನ್ನಡನಾಡಿಗೆಲ್ಲ ವ್ಯಾಪಿಸಿತು.

ಇದರಿಂದ ಹಿರಿಯಳಿಗೆ ಬಲ ಬಂದಿತು. ಗಂಡನಿಗೆ ಇನ್ನೊಬ್ಬ ಹೆಂಡತಿಯಿದ್ದರೆ ಬೇರೆ ವಾಸಿಸಿ ಜೀವನಾಂಶ ಪಡೆಯುವ ಹಕ್ಕನ್ನು 1956ರ ಕಾಯಿದೆಯೂ ಅವಳಿಗೆ ಕೊಟ್ಟಿದೆ. ಕಿರಿಯಳ ಪಾಡು ಬೇರೆ. ನಿಷೇಧಕ್ಕೆ ಮುಂಚಿನ ಸವತಿಯರು ವಿಧವೆಯರಾದಾಗ, ಎಷ್ಟು ಮಂದಿಯಿದ್ದರೂ, ಎಲ್ಲರಿಗೂ ಸೇರಿ ಒಂದೇ ಪಾಲು. ನಿಷೇಧದ ತರುವಾಯ ಬಂದವಳಿಗೆ ಅದೂ ಇಲ್ಲ. ಅವಳ ಮದುವೆಯೇ ಅಸಿಂಧು. ಅವಳ ಮಕ್ಕಳಿಗೆ ಮಾತ್ರ, ತಂದೆಯ ಪಾಲಿಗೆ ಬರುವ ಪಿತ್ರಾರ್ಜಿತ ಆಸ್ತಿಯಲ್ಲಿಯೂ ಹಕ್ಕುಂಟೆಂದು ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಸ್ಪಷ್ಟಪಡಿಸಿತು.

ನಾನು ಹಳ್ಳಿಯ ಶಾಲೆಗಳಲ್ಲಿದ್ದಾಗ ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರನ್ನಷ್ಟೇ ಬರೆಯುತ್ತಿದ್ದೆ. ಇಬ್ಬರು ತಾಯಂದಿರ ಮಕ್ಕಳು ಒಂದೇ ಮಣೆಯ ಮೇಲೆ ಕುಳಿತು ಓದಿದರು. ಆ ತಾಯಂದಿರಲ್ಲಿ ಒಬ್ಬಳಿಗೆ ಕಾನೂನಿನ ಆಸರೆಯಿತ್ತು, ಇನ್ನೊಬ್ಬಳಿಗೆ ಗಂಡನ ದಯೆಯೊಂದೇ ಇತ್ತು.

ಆದುದರಿಂದ, ನನ್ನ ವಿದ್ಯಾರ್ಥಿಗಳೇ, ಮಗಳನ್ನು ಕೊಡುವ ಮುನ್ನ ಚೆನ್ನಾಗಿ ವಿಚಾರಿಸಿರಿ. ಮದುವೆಯನ್ನು ತಪ್ಪದೆ ನೋಂದಾಯಿಸಿರಿ.