ಶಾಸ್ತ್ರದ ಹೊತ್ತಗೆ, ಆಟದ ಕಥೆ: ವಿಜಯಪುರ ಸೀಮೆಯಲ್ಲಿ ಗ್ರಂಥಪರೀಕ್ಷೆಯ ಪರಂಪರೆ

ವಿಜಯಪುರ ನಗರ ಮತ್ತು ಅದರ ಪಶ್ಚಿಮ, ನೈಋತ್ಯಗಳಿಗೆ ಹರಡಿಕೊಂಡಿರುವ ತಿಕೋಟಾ, ಬಬಲೇಶ್ವರ ಪರಿಸರದ ಸಾವಿರ ವರ್ಷಗಳ ವಿದ್ಯಾಚರಿತ್ರೆಯಲ್ಲಿ ಎರಡು ಬಗೆಯ ಕೃತಿಗಳು ಅಕ್ಕಪಕ್ಕದಲ್ಲಿಯೇ ಬೆಳೆದು ಬಂದಿವೆ. ಗಣಿತ, ಜ್ಯೋತಿಷ, ವೈದ್ಯ, ಕೃಷಿ, ಆಯುಧವಿದ್ಯೆ ಮೊದಲಾದವನ್ನು ಕ್ರಮವಾಗಿ ಕಲಿಸುವ ಶಾಸ್ತ್ರಗ್ರಂಥಗಳದು ಒಂದು ಬಗೆಯಾದರೆ, ಪಗಡೆ, ಪಂದ್ಯ, ಬೇಟೆಗಳನ್ನು ನೆಲೆಯಾಗಿಟ್ಟುಕೊಂಡು ಅಥವಾ ಕೇವಲ ವಿನೋದವನ್ನೇ ಗುರಿಯಾಗಿಟ್ಟುಕೊಂಡು ಹುಟ್ಟಿದ ಕಥೆಗಳದು ಇನ್ನೊಂದು ಬಗೆ. ಇವುಗಳಲ್ಲಿ ಯಾವುದು ಓದಲು ಯೋಗ್ಯ, ಯಾವುದು ಕಾಲಹರಣ ಎಂದು ತೀರ್ಮಾನಿಸುವ ಅಧಿಕಾರವು ಶಾಲೆ, ಅರಮನೆಯ ಪುಸ್ತಕ ಭಂಡಾರ, ಪುರಾಣ ಕೇಳುವ ಸಭೆ ಮತ್ತು ಮುದ್ರಣಾಲಯಗಳ ಕೈಯಲ್ಲಿ ಒಂದಾದ ಮೇಲೊಂದರಂತೆ ಇದ್ದಿತು. ಈ ಚರಿತ್ರೆಯನ್ನು ಒಟ್ಟಾಗಿ ನೋಡಿದಾಗ ತಿಳಿಯುವ ಮುಖ್ಯ ಸಂಗತಿಯೆಂದರೆ, ಶಾಸ್ತ್ರಗ್ರಂಥದ ಯೋಗ್ಯತೆ ಪ್ರಯೋಗದಲ್ಲಿಯೂ ಕಥೆಯ ಯೋಗ್ಯತೆ ಮತ್ತೆ ಮತ್ತೆ ಕೇಳಿಸಿಕೊಳ್ಳುವ ಶಕ್ತಿಯಲ್ಲಿಯೂ ಸಾಬೀತಾಗುತ್ತವೆ ಎಂಬುದು.

ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇಂದಿನ ವಿಜಯಪುರ ಪ್ರದೇಶವು ತರ್ದವಾಡಿ ಸಾವಿರ ಎಂಬ ನಾಡಿನಲ್ಲಿ, ಎಂದರೆ ಸಾವಿರ ಹಳ್ಳಿಗಳೆಂದು ಎಣಿಕೆಯಾಗುತ್ತಿದ್ದ ಆಡಳಿತ ವಿಭಾಗದಲ್ಲಿ ಸೇರಿತ್ತು. ಅದಕ್ಕೂ ಮೊದಲೇ ಈ ಸೀಮೆಯಲ್ಲಿ ಪಾಠಶಾಲೆಗಳಿದ್ದವೆಂಬುದಕ್ಕೆ ಇಂಡಿ ತಾಲ್ಲೂಕಿನ ಸಾಲೋಟಗಿಯ ಶಾಸನವೇ ಆಧಾರ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲಕ್ಕೆ, ಕ್ರಿ.ಶ. 945ಕ್ಕೆ ಸೇರಿದ ಈ ಶಾಸನವು ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಯನ್ನೂ ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ ಬಿಟ್ಟುಕೊಟ್ಟ 27 ಮನೆಗಳನ್ನೂ ದೀಪದ ಎಣ್ಣೆಯ ಖರ್ಚಿಗೆಂದು ಪ್ರತ್ಯೇಕವಾಗಿ ಬಿಟ್ಟ ಭೂಮಿಯನ್ನೂ ದಾಖಲಿಸುತ್ತದೆ. ಗ್ರಂಥವೊಂದು ಇಂಥ ಶಾಲೆಯ ಪಾಠಕ್ಕೆ ಸೇರಿತೆಂದರೆ ಅದನ್ನು ಗುರು ವಿವರಿಸಬೇಕಾಗಿತ್ತು, ಶಿಷ್ಯ ಬಾಯಿಪಾಠ ಮಾಡಿ ಪ್ರಶ್ನೆಗಳಿಗೆ ಉತ್ತರಿಸಬೇಕಾಗಿತ್ತು. ಹೀಗೆ ಬಳಕೆಯಲ್ಲಿ ನಿಲ್ಲದ ಗ್ರಂಥಕ್ಕೆ ಮರುಪ್ರತಿ ಹುಟ್ಟುತ್ತಿರಲಿಲ್ಲ, ಮರುಪ್ರತಿಯಿಲ್ಲದ ಓಲೆ ಒಂದೆರಡು ತಲೆಮಾರುಗಳಲ್ಲಿ ಹುಳುಗಳ ಪಾಲಾಗುತ್ತಿತ್ತು.

ಹನ್ನೊಂದನೆಯ ಶತಮಾನದ ಮೊದಲರ್ಧದಲ್ಲಿ, ಜಗದೇಕಮಲ್ಲನೆಂಬ ಬಿರುದಿನ ಇಮ್ಮಡಿ ಜಯಸಿಂಹನ ಆಳ್ವಿಕೆಯಲ್ಲಿ, ಎರಡೂ ಬಗೆಯ ಕೃತಿಗಳು ಕನ್ನಡದಲ್ಲಿ ಕೆಲವೇ ವರ್ಷಗಳ ಅಂತರದಲ್ಲಿ ರಚಿತವಾದದ್ದು ಗಮನಾರ್ಹವಾಗಿದೆ. ಸುಮಾರು 1025ರಲ್ಲಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವು ಪಂಚಾಂಗ, ಮನೆ ಕಟ್ಟುವ ಕ್ರಮ, ನೆಲದೊಳಗಿನ ನೀರನ್ನು ಗುರುತಿಸುವ ವಿಧಾನ, ಗಿಡಮರಗಳ ಆರೈಕೆ, ಅಡುಗೆ, ಸುಗಂಧದ್ರವ್ಯ, ವಿಷವೈದ್ಯ ಇವುಗಳನ್ನೆಲ್ಲ ಒಂದೆಡೆ ಸೇರಿಸಿದ ಕೈಪಿಡಿಯಾಗಿದ್ದು, ಸುಮಾರು 1031ರಲ್ಲಿ ಅದೇ ದೊರೆಯ ಸಂಧಿವಿಗ್ರಹಿ, ಎಂದರೆ ಯುದ್ಧ ಮತ್ತು ಸಂಧಿಗಳ ವ್ಯವಹಾರ ನೋಡುವ ಅಧಿಕಾರಿಯಾಗಿದ್ದ ದುರ್ಗಸಿಂಹನು ವಸುಭಾಗಭಟ್ಟನ ಪರಂಪರೆಯನ್ನು ಅನುಸರಿಸಿ ಬರೆದ ‘ಪಂಚತಂತ್ರ’ವು ಪ್ರಾಣಿಗಳ ಕಥೆಗಳ ಮೂಲಕ ರಾಜನೀತಿಯನ್ನು ಕಲಿಸುವ ಚಂಪೂಕೃತಿಯಾಗಿದೆ. ಮೊದಲನೆಯದು ಹೇಳುವ ಕೆಲಸವನ್ನು ಓದುಗನು ತನ್ನ ಹೊಲದಲ್ಲಿಯೋ ಮನೆಯಲ್ಲಿಯೋ ಮಾಡಿನೋಡಿ ಸರಿತಪ್ಪನ್ನು ತಿಳಿಯಬಹುದಿತ್ತು. ಎರಡನೆಯದರ ಪಾಠವು ಹಾಗೆ ಒಮ್ಮೆಗೇ ಪರೀಕ್ಷೆಗೆ ಸಿಗುವಂಥದಲ್ಲದೆ, ಬದುಕಿನ ಸಂಕಟದ ಗಳಿಗೆಯಲ್ಲಿ ಕಥೆ ನೆನಪಿಗೆ ಬಂದಾಗ ಮಾತ್ರ ಫಲ ಕೊಡುವಂಥದಾಗಿತ್ತು.

ಒಂದು ಶತಮಾನದ ತರುವಾಯ ಅದೇ ವಂಶದ ಮುಮ್ಮಡಿ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಈ ವಿಚಾರವನ್ನು ಇನ್ನೂ ಮುಂದಕ್ಕೆ ಒಯ್ದಿತು. ಐದು ವಿಂಶತಿಗಳಲ್ಲಿ, ಎಂದರೆ ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳಲ್ಲಿ, ನೂರು ಅಧ್ಯಾಯಗಳಾಗಿ ಹರಡಿಕೊಂಡ ಈ ಗ್ರಂಥದ ನಾಲ್ಕನೆಯ ಭಾಗವು ವಿನೋದಗಳಿಗೂ ಐದನೆಯದು ಕ್ರೀಡೆಗಳಿಗೂ ಮೀಸಲಾಗಿದೆ. ನಾಲ್ಕನೆಯ ಭಾಗದಲ್ಲಿ ವಿದ್ವಾಂಸರ ವಾದವನ್ನು ಆಲಿಸುವ ಶಾಸ್ತ್ರವಿನೋದ, ಮಲ್ಲಯುದ್ಧ, ಟಗರಿನ ಕಾಳಗ ಮತ್ತು ಕಥೆ ಕೇಳುವ ಕಥಾವಿನೋದಗಳು ಒಂದೇ ಸಾಲಿನಲ್ಲಿ ಬರುತ್ತವೆ. ಶಾಸ್ತ್ರವನ್ನು ಕೇಳುವುದೂ ಕಥೆಯನ್ನು ಕೇಳುವುದೂ ಅರಸನ ಮನಸ್ಸನ್ನು ಅರಳಿಸುವ ಸಮಾನ ಚಟುವಟಿಕೆಗಳೆಂದು ಗ್ರಂಥಕರ್ತನು ಭಾವಿಸಿದ್ದನೆಂಬುದು ಈ ವರ್ಗೀಕರಣದಿಂದಲೇ ಸ್ಪಷ್ಟವಾಗುತ್ತದೆ. ಆಟದ ನಿಯಮಗಳನ್ನೇ ಶಾಸ್ತ್ರದ ವಿಷಯವಾಗಿಸಿದ ಈ ಕೃತಿಯಲ್ಲಿ ಎರಡು ಬಗೆಗಳ ನಡುವಿನ ಗೋಡೆ ಬಹುಮಟ್ಟಿಗೆ ಕರಗಿಹೋಗಿದೆ.

ಭಾಸ್ಕರಾಚಾರ್ಯನ ‘ಲೀಲಾವತಿ’ಯು ಇದೇ ಶತಮಾನದ್ದು. 1114ರಲ್ಲಿ ಹುಟ್ಟಿದ ಭಾಸ್ಕರನು 1150ರಲ್ಲಿ ‘ಲೀಲಾವತಿ’ಯನ್ನೂ ಒಳಗೊಂಡ ‘ಸಿದ್ಧಾಂತಶಿರೋಮಣಿ’ಯನ್ನು ಮುಗಿಸಿದನು, ತನ್ನ ಊರು ವಿಜ್ಜಡವಿಡವೆಂದು ಅವನೇ ಹೇಳಿಕೊಂಡಿದ್ದು, ಅದು ವಿಜಯಪುರವೇ ಎಂದು ಕನ್ನಡನಾಡಿನಲ್ಲಿ ಬಹುಕಾಲದಿಂದ ನಂಬಿಕೆಯಿದ್ದರೆ, ಸಹ್ಯಾದ್ರಿಯ ಮಗ್ಗುಲಿನ ಖಾನದೇಶದ ಕಡೆಗೆ ಅದನ್ನು ಗುರುತಿಸುವ ವಿದ್ವಾಂಸರ ವಾದಕ್ಕೆ ಅಲ್ಲಿನ ಪಾಟಣದ 1207ರ ಶಾಸನ ಬಲ ಕೊಡುತ್ತದೆ. ಗ್ರಂಥಪರೀಕ್ಷೆಯ ಚರಿತ್ರೆಗೆ ಊರಿನ ವಿವಾದಕ್ಕಿಂತ ಆ ಶಾಸನದ ವಿಷಯವೇ ಮುಖ್ಯ: ಭಾಸ್ಕರನ ಮೊಮ್ಮಗ, ಸೇವುಣ ಸಿಂಘಣನ ಆಸ್ಥಾನ ಜ್ಯೋತಿಷಿ ಚಾಂಗದೇವನು ತನ್ನ ತಾತನ ಗ್ರಂಥಗಳ ಅಧ್ಯಯನಕ್ಕಾಗಿಯೇ ಒಂದು ಮಠವನ್ನು ಸ್ಥಾಪಿಸಿದನೆಂದು ಅದು ತಿಳಿಸುತ್ತದೆ. ಪಠ್ಯಪುಸ್ತಕವೊಂದಕ್ಕೆ ಇದಕ್ಕಿಂತ ದೊಡ್ಡ ಮನ್ನಣೆ ಮಧ್ಯಕಾಲದಲ್ಲಿ ಸಿಗುವುದು ಕಷ್ಟ. ‘ಲೀಲಾವತಿ’ಯಾದರೋ ಲೆಕ್ಕವನ್ನು ಜೇನ್ನೊಣಗಳ ಹಿಂಡು, ಹಂಸಗಳ ಸಾಲು, ಕಡಿದುಹೋದ ಮುತ್ತಿನ ಹಾರ ಇಂಥ ಪುಟ್ಟ ಪ್ರಸಂಗಗಳಲ್ಲಿ ಇಟ್ಟು, ಕಲಿಯುವವನನ್ನು ಆಟಕ್ಕೆ ಕರೆಯುವಂತೆ ಪ್ರಶ್ನೆ ಕೇಳುತ್ತದೆ, ಹೀಗಿದ್ದೂ ಪ್ರತಿ ಪ್ರಶ್ನೆಗೂ ಖಚಿತವಾದ ಉತ್ತರವಿದೆ, ಉತ್ತರಕ್ಕೆ ಒಯ್ಯುವ ಸೂತ್ರವಿದೆ. ಕನ್ನಡದಲ್ಲಿ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದವನ್ನು ಬರೆದ ರಾಜಾದಿತ್ಯನೂ ಇದೇ ಶತಮಾನದವನಾಗಿದ್ದು, ಬೆಲೆ, ಬಡ್ಡಿ, ಭೂಮಿಯ ಅಳತೆಗಳನ್ನು ಪದ್ಯಕ್ಕೆ ಇಳಿಸಿ ಶಾಸ್ತ್ರವನ್ನು ದೇಸಿಯಲ್ಲಿ ಕಲಿಸಬಹುದೆಂದು ತೋರಿಸಿಕೊಟ್ಟನು.

ಆಟವನ್ನೇ ಬೆನ್ನೆಲುಬಾಗಿ ಉಳ್ಳ ಕಥೆಗಳಲ್ಲಿ ಈ ನಾಡಿನ ಜನ ಹೆಚ್ಚು ಕೇಳಿದ್ದು ಮಹಾಭಾರತದ ದ್ಯೂತಪ್ರಸಂಗ ಮತ್ತು ನಳನ ಕಥೆಗಳನ್ನು. ಪಗಡೆಯ ದಾಳ ಬಿದ್ದಂತೆ ರಾಜ್ಯ, ತಮ್ಮಂದಿರು, ತಾನು, ಹೆಂಡತಿ ಎಂದು ಪಣ ಏರುತ್ತ ಹೋಗುವ ಸಭಾಪರ್ವದಲ್ಲಿ, ತನ್ನನ್ನೇ ಸೋತವನಿಗೆ ಹೆಂಡತಿಯನ್ನು ಪಣಕ್ಕಿಡುವ ಹಕ್ಕು ಇದೆಯೇ ಎಂದು ದ್ರೌಪದಿ ಎತ್ತುವ ಪ್ರಶ್ನೆ ಆಟದ ನಿಯಮದ ಒಳಗಿನಿಂದಲೇ ಹುಟ್ಟಿ ಧರ್ಮದ ಪ್ರಶ್ನೆಯಾಗಿ ಬೆಳೆಯುತ್ತದೆ. ನಳನ ಕಥೆಯಲ್ಲಿ ಈ ಸಂಬಂಧ ಇನ್ನೂ ಸೂಕ್ಷ್ಮವಾಗಿದೆ. ಪುಷ್ಕರನೊಡನೆ ಆಡಿ ರಾಜ್ಯ ಕಳೆದುಕೊಂಡ ನಳನು ಬಾಹುಕನ ವೇಷದಲ್ಲಿ ಅಯೋಧ್ಯೆಯ ಋತುಪರ್ಣನ ಸಾರಥಿಯಾಗಿ ಹೋಗುತ್ತಿರುವಾಗ, ಋತುಪರ್ಣನು ದಾರಿಯ ತಾರೆಮರದ ಎಲೆ ಮತ್ತು ಕಾಯಿಗಳ ಸಂಖ್ಯೆಯನ್ನು ನೋಟದಿಂದಲೇ ಹೇಳುತ್ತಾನೆ. ಎಣಿಸಿ ನೋಡಿ ಬೆರಗಾದ ನಳನು ತನ್ನ ಅಶ್ವವಿದ್ಯೆಯನ್ನು ಕೊಟ್ಟು ಅವನಿಂದ ಅಕ್ಷಹೃದಯವನ್ನು, ಎಂದರೆ ದಾಳದ ಒಳಮರ್ಮವನ್ನು ತಿಳಿಸುವ ವಿದ್ಯೆಯನ್ನು ಪಡೆದು, ಅದರ ಬಲದಿಂದ ಕಳೆದುಕೊಂಡ ರಾಜ್ಯವನ್ನು ಮರಳಿ ಗೆಲ್ಲುತ್ತಾನೆ. ಕನಕದಾಸರ ‘ನಳಚರಿತ್ರೆ’ಯ ಮೂಲಕ ಈ ಕಥೆ ಕನ್ನಡದ ಮನೆಮಾತಾಯಿತು. ಅಂದಾಜಿನ ಗಣಿತವನ್ನು ಕಥೆಯ ತಿರುವಾಗಿ ಬಳಸಿಕೊಂಡ ಇಂಥ ಕೃತಿಯನ್ನು ಜೂಜಿನ ಕಥೆಯೆಂದು ತಳ್ಳಿಹಾಕಿದ್ದರೆ ನಷ್ಟವಾಗುತ್ತಿದ್ದದ್ದು ಓದುಗರಿಗೇ.

ಈ ಎರಡು ಧಾರೆಗಳೂ ಒಬ್ಬನೇ ವಿದ್ವಾಂಸನ ಕೈಯಲ್ಲಿ ಕೂಡಿಕೊಂಡ ಉದಾಹರಣೆಯೊಂದು ವಿಜಯಪುರದ ಚರಿತ್ರೆಗೆ ಹತ್ತಿರವಾಗಿದೆ. ಅಕ್ಬರನ ಆಸ್ಥಾನಕವಿ ಫೈಜಿಯು 1587ರಲ್ಲಿ ‘ಲೀಲಾವತಿ’ಯನ್ನು ಪಾರಸಿಗೆ ಅನುವಾದಿಸಿದನು, 1594ರ ಹೊತ್ತಿಗೆ ನಳದಮಯಂತಿಯ ಕಥೆಯನ್ನು ‘ನಲ್ ದಮನ್’ ಎಂಬ ಪಾರಸಿ ಕಾವ್ಯವಾಗಿ ಬರೆದನು. ಈ ಎರಡು ಕೆಲಸಗಳ ನಡುವೆ, 1591ರಿಂದ ದಖನ್ನಿಗೆ ರಾಯಭಾರಿಯಾಗಿ ಬಂದಿದ್ದಾಗ, ಅಹಮದ್‌ನಗರದಲ್ಲಿದ್ದ ಜುಹೂರಿ ಮತ್ತು ಮಲಿಕ್ ಕುಮ್ಮಿ ಎಂಬ ಕವಿಗಳ ಪ್ರತಿಭೆಯನ್ನು ಮೆಚ್ಚಿ ಅಕ್ಬರನಿಗೆ ತಿಳಿಸಿದನು. ಆ ಇಬ್ಬರೂ ಮುಂದೆ ವಿಜಯಪುರಕ್ಕೆ ಬಂದು ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ ನೆಲೆಸಿದರು; ಸುಲ್ತಾನನ ಹಾಡುಗಳ ಸಂಗ್ರಹವಾದ ‘ಕಿತಾಬ್-ಎ-ನೌರಸ್’ಗೆ ಜುಹೂರಿ ಬರೆದ ಪಾರಸಿ ಮುನ್ನುಡಿಯು ಹೊಗಳಿಕೆಯ ಗದ್ಯವಾಗಿದ್ದರೂ, ಕೃತಿಯೊಂದನ್ನು ಓದುಗರ ಮುಂದಿಡುವಾಗ ಅದರ ಬೆಲೆಯನ್ನು ಕಟ್ಟಿಕೊಡುವ ಪರಿಪಾಟಿಯ ನಿದರ್ಶನವಾಗಿದೆ.

ಆದಿಲ್‌ಶಾಹಿ ಅರಮನೆಯ ಕಿತಾಬಖಾನೆಯು, ಎಂದರೆ ಪುಸ್ತಕ ಭಂಡಾರ ಮತ್ತು ಪ್ರತಿ ತಯಾರಿಸುವ ಕಾರ್ಯಾಗಾರ ಎರಡೂ ಆಗಿದ್ದ ಸಂಸ್ಥೆಯು, ಒಂದನೆಯ ಅಲಿ ಆದಿಲ್‌ಶಾಹನ ಕಾಲದಲ್ಲಿ ದೊಡ್ಡದಾಗಿ ಬೆಳೆಯಿತು. ಲಿಪಿಕಾರರು, ಬಂಗಾರದ ಲೇಪ ಕೊಡುವವರು, ರಟ್ಟು ಕಟ್ಟುವವರು ಸೇರಿ ಸುಮಾರು 60 ಜನ ಅಲ್ಲಿ ಕೆಲಸ ಮಾಡುತ್ತಿದ್ದರೆಂದು ಸಮಕಾಲೀನ ಚರಿತ್ರೆಕಾರ ರಫೀಉದ್ದೀನ್ ಶೀರಾಜಿ ಬರೆದಿದ್ದಾನೆ. ಶೇಷ ಮನೆತನದ ವಾಮನ ಪಂಡಿತನು ಈ ಭಂಡಾರದ ಅಧಿಕಾರಿಯಾಗಿದ್ದನೆಂಬುದು ಸಂಸ್ಕೃತ ಶಾಸ್ತ್ರಗಳಿಗೆ ಅಲ್ಲಿದ್ದ ಮನ್ನಣೆಯನ್ನು ಸೂಚಿಸುತ್ತದೆ. 1570ರ ಸುಮಾರಿಗೆ ಸಿದ್ಧವಾದ ‘ನುಜೂಮ್ ಅಲ್-ಉಲೂಮ್’ ಎಂಬ ಸಚಿತ್ರ ಗ್ರಂಥವು ಈ ವಾತಾವರಣದ ಫಲ. ಇಂದು ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿರುವ ಇದನ್ನು ಅಲಿಯೇ ಬರೆದನೆಂದು ಇತ್ತೀಚಿನ ವಿದ್ವಾಂಸರು ವಾದಿಸುತ್ತಾರೆ. ಗ್ರಹರಾಶಿಗಳು, ತಾಯಿತ ಮತ್ತು ಯಂತ್ರಗಳು, ಆನೆ, ಕುದುರೆ, ಆಯುಧಗಳ ಲಕ್ಷಣಗಳನ್ನು ಹೇಳುವ ಈ ಗ್ರಂಥವು ಆಳುವವನಿಗೆ ಬೇಕಾದ ಜ್ಞಾನವೆಂದರೆ ಏನೆಂಬುದಕ್ಕೆ ಆ ಕಾಲ ಕೊಟ್ಟ ಉತ್ತರವಾಗಿದ್ದು, ಅದರ ಎಷ್ಟೋ ಭಾಗಗಳು ಇಂದಿನ ವಿಜ್ಞಾನದ ಪರೀಕ್ಷೆಗೆ ನಿಲ್ಲಲಾರವಾದರೂ ಚರಿತ್ರೆಯ ಆಕರವಾಗಿ ಅದರ ಬೆಲೆ ಹೆಚ್ಚುತ್ತಲೇ ಇದೆ. ಕಥೆಯ ಕಡೆಯಲ್ಲಿ, 1657ರಲ್ಲಿ ನುಸ್ರತಿಯು ಮನೋಹರ ಮತ್ತು ಮಧುಮಾಲತಿಯರ ಪ್ರೇಮಕಥೆಯನ್ನು ದಖನಿಯಲ್ಲಿ ‘ಗುಲ್ಶನ್-ಎ-ಇಶ್ಕ್’ ಎಂದು ಬರೆದನು.

1686ರಲ್ಲಿ ವಿಜಯಪುರ ಔರಂಗಜೇಬನ ವಶವಾದ ಮೇಲೆ ಅರಮನೆಯ ಪುಸ್ತಕಗಳು ಚೆದುರಿಹೋದವು. 1646ರ ಸುಮಾರಿಗೆ ನ್ಯಾಯಸಭೆಗಾಗಿ ಕಟ್ಟಿದ್ದ ಅಸಾರ್ ಮಹಲಿನಲ್ಲಿ ಉಳಿದಿದ್ದ ನಾಲ್ಕುನೂರಕ್ಕೂ ಹೆಚ್ಚು ಹಸ್ತಪ್ರತಿಗಳನ್ನು 1853ರಲ್ಲಿ ಲಂಡನ್ನಿಗೆ ಸಾಗಿಸಲಾಯಿತು. ಅವುಗಳಲ್ಲಿ ಬಹುಪಾಲು ಅರಬ್ಬಿಯ ಧರ್ಮಶಾಸ್ತ್ರ, ವ್ಯಾಕರಣ, ತರ್ಕ, ಸೂಫಿತತ್ತ್ವಗಳ ಪಠ್ಯಗಳೇ ಆಗಿದ್ದವು. ಚಿತ್ರ ಮತ್ತು ಬಂಗಾರಗಳಿಂದ ಕೂಡಿದ ಪ್ರತಿಗಳು ಗೆದ್ದವರ, ಸಂಗ್ರಾಹಕರ ಕಣ್ಣಿಗೆ ಬೀಳುವುದು ಸಹಜವಾದ್ದರಿಂದ, ಒಂದೆಡೆ ಉಳಿದುಕೊಂಡ ಪುಸ್ತಕಗಳನ್ನು ಮಾತ್ರ ನೋಡಿ ಅಂದಿನವರು ಶಾಸ್ತ್ರವನ್ನಷ್ಟೇ ಓದುತ್ತಿದ್ದರೆಂದು ಹೇಳುವುದು ತಪ್ಪಾಗುತ್ತದೆ; ಕಥೆ ಮತ್ತು ಹಾಡುಗಳಿಗೆ ಭಂಡಾರದ ಕಪಾಟಿಗಿಂತ ಜನರ ಕೊರಳೇ ಭದ್ರವಾದ ನೆಲೆಯಾಗಿತ್ತು.

ಇದನ್ನು ತಿಕೋಟಾ ಮತ್ತು ಬಬಲೇಶ್ವರದ ಕಡೆಯ ಊರುಗಳು ಚೆನ್ನಾಗಿ ತೋರಿಸುತ್ತವೆ. ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ದಾರಿಯಲ್ಲಿರುವ ತೊರವಿಯ ನರಸಿಂಹನ ಸನ್ನಿಧಿಯಲ್ಲಿ ಕುಮಾರವಾಲ್ಮೀಕಿಯೆಂಬ ನರಹರಿಯು ರಚಿಸಿದ ‘ತೊರವೆ ರಾಮಾಯಣ’ವು ಭಾಮಿನಿ ಷಟ್ಪದಿಯ ಗಮಕಕ್ಕೆ ಒಗ್ಗಿದ್ದರಿಂದಲೇ, ಎಂದರೆ ರಾಗವಾಗಿ ವಾಚಿಸಿ ಅರ್ಥ ಹೇಳುವ ಕಲೆಗೆ ಹೊಂದಿಕೊಂಡಿದ್ದರಿಂದಲೇ, ಅಕ್ಷರ ಬಾರದವರಿಗೂ ತಲುಪಿತು. ಬಬಲೇಶ್ವರ ತಾಲ್ಲೂಕಿನ ಕಾಖಂಡಕಿಯಲ್ಲಿ ನೆಲೆಸಿದ, ಆದಿಲ್‌ಶಾಹಿ ಆಡಳಿತದಲ್ಲಿ ಅಧಿಕಾರಿಯಾಗಿದ್ದು ವಿರಕ್ತರಾದ 17ನೆಯ ಶತಮಾನದ ಮಹಿಪತಿದಾಸರ ಪದಗಳು ಭಜನೆಯ ಬಾಯಿಂದ ಬಾಯಿಗೆ ಹರಿದು ಉಳಿದುಕೊಂಡವು. ಅದೇ ಕಾಖಂಡಕಿ ಕಾರಹುಣ್ಣಿಮೆಯಲ್ಲಿ ಎತ್ತುಗಳನ್ನು ಓಡಿಸಿ ಕರಿ ಹರಿಯುವ ಆಟಕ್ಕೂ ಹೆಸರಾಗಿದೆ. ಉತ್ತರ ಕರ್ನಾಟಕದ ರೈತರು ಕರಿಯಲ್ಲಿ ಗೆದ್ದ ಎತ್ತಿನ ಬಣ್ಣವನ್ನು ನೋಡಿ ಆ ವರ್ಷ ಯಾವ ಬೆಳೆ ಕೈಹಿಡಿಯುವುದೆಂದು ಹೇಳುವ ವಾಡಿಕೆಯಿದ್ದು, ಇಲ್ಲಿ ಆಟವೇ ಕೃಷಿಯ ಪಂಚಾಂಗವಾಗಿದೆ. ಸುಮಾರು 1300ರಲ್ಲಿ ರಟ್ಟಕವಿಯು ಮಳೆಯ ಲಕ್ಷಣಗಳನ್ನು ಕುರಿತು ಬರೆದ ‘ರಟ್ಟಮತ’ವೂ, 1930ರ ದಶಕದಲ್ಲಿ ಸೊಲ್ಲಾಪುರ ಮತ್ತು ವಿಜಯಪುರದ ಕೇಂದ್ರಗಳಲ್ಲಿ ನಡೆದ ಒಣಬೇಸಾಯದ ಸಂಶೋಧನೆಯೂ ಉತ್ತರಿಸಲು ಹೊರಟದ್ದು ಬರಗಾಲದ ಸೀಮೆಯ ಇದೇ ಆತಂಕಕ್ಕೆ. ಬದು ಹಾಕಿ ನೀರು ಹಿಡಿದರೆ ಎರೆಹೊಲದ ಹಿಂಗಾರಿ ಜೋಳಕ್ಕೆ ತೇವ ಉಳಿಯುವುದೆಂಬ ಸೂಚನೆಯನ್ನು ಯಾವ ರೈತನಾದರೂ ಒಂದೇ ಹಂಗಾಮಿನಲ್ಲಿ ಪರೀಕ್ಷಿಸಬಹುದಾದ್ದರಿಂದ ಆ ಜ್ಞಾನ ಉಳಿದು ನಿಂತಿತು. ಎತ್ತಿನ ಬಣ್ಣದ ಭವಿಷ್ಯವು ಶಾಸ್ತ್ರವಾಗಿ ಸೋತರೂ ಹಬ್ಬವಾಗಿ ಗೆದ್ದಿತು.

ಮುದ್ರಣದ ಕಾಲದಲ್ಲಿ ಗ್ರಂಥಪರೀಕ್ಷೆ ಸಂಘಸಂಸ್ಥೆಗಳ ಕೆಲಸವಾಯಿತು. 1890ರಲ್ಲಿ ರಾ.ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಧಾರವಾಡದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘವು ಒಳ್ಳೆಯ ಕನ್ನಡ ಗ್ರಂಥಗಳನ್ನು ಪರೀಕ್ಷಿಸಿ ಬಹುಮಾನ ಕೊಡುವುದನ್ನು ತನ್ನ ಉದ್ದೇಶಗಳಲ್ಲಿ ಸೇರಿಸಿಕೊಂಡಿತು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ಅಲೆದು ಶಿವಶರಣರ ವಚನಗಳ ತಾಳೆಗರಿಗಳನ್ನು ಕೂಡಿಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದು, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಆರಂಭಿಸಿದರು. ಒಂದೇ ವಚನದ ಹಲವು ಪಾಠಗಳನ್ನು ಹೋಲಿಸಿ, ವಿಷಯಕ್ಕನುಸಾರವಾಗಿ ಜೋಡಿಸಿದ ಅವರ ಶ್ರಮವು ಹಾಡಿನಲ್ಲಿಯೂ ಭಕ್ತಿಯಲ್ಲಿಯೂ ಉಳಿದಿದ್ದ ನುಡಿಗಳಿಗೆ ಶಾಸ್ತ್ರದ ಸ್ಥಾನವನ್ನು ದೊರಕಿಸಿತು. 1931ರಲ್ಲಿ ಇದೇ ಜಿಲ್ಲೆಯ ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಸಂಕಲನವನ್ನು ಪ್ರಕಟಿಸಿ, ಬೀಸುವ ಕಲ್ಲಿನ ಮುಂದೆ ಹುಟ್ಟಿದ ತ್ರಿಪದಿಗಳೂ ವಿದ್ವಾಂಸರು ಓದತಕ್ಕ ಸಾಹಿತ್ಯವೆಂದು ಸಾಧಿಸಿದರು. ಓದತಕ್ಕದ್ದು ಯಾವುದೆಂಬ ತೀರ್ಪು ಆಯಾ ಕಾಲದ ರೂಢಿಗೆ ಬಿಟ್ಟದ್ದಾಗಿದ್ದರೆ ಈ ಎರಡೂ ಸಂಗ್ರಹಗಳು ಅಚ್ಚಾಗುತ್ತಿರಲಿಲ್ಲ.

ಇಂದು ಕಂಪ್ಯೂಟರ್ ಆಟಗಳ ಲೋಕವನ್ನು ಆಧರಿಸಿದ ಕಾದಂಬರಿಗಳು ಮಕ್ಕಳ ಕೈ ಸೇರುತ್ತಿವೆ, ತಾಂತ್ರಿಕ ಪಠ್ಯಗಳು ಪರೀಕ್ಷೆಯ ಹಿಂದಿನ ರಾತ್ರಿ ಓದಿ ಮರೆಯುವ ಸರಕಾಗುತ್ತಿವೆ. ಮೊದಲನೆಯವನ್ನು ಆಟವೆಂಬ ಕಾರಣಕ್ಕೆ ಕೀಳೆಂದೂ ಎರಡನೆಯವನ್ನು ಪಠ್ಯವೆಂಬ ಕಾರಣಕ್ಕೆ ಮೇಲೆಂದೂ ಭಾವಿಸುವುದು ಈ ಸೀಮೆಯ ಪರಂಪರೆಗೆ ಒಪ್ಪುವ ನಿಲುವಲ್ಲ. ಆಟದ ಕಥೆಯಲ್ಲಿ ಸೋಲುಗೆಲುವಿನ ಲೆಕ್ಕವಷ್ಟೇ ಇದೆಯೋ, ನಿಯಮದೊಳಗಿನಿಂದ ದ್ರೌಪದಿ ಕೇಳಿದಂಥ ಪ್ರಶ್ನೆ ಏಳುತ್ತದೆಯೋ ಎಂದು ಕೇಳಬೇಕು. ಕೊನೆ ಗೊತ್ತಿದ್ದವರೂ ಮತ್ತೊಮ್ಮೆ ಅದಕ್ಕೆ ಕಿವಿಗೊಡುವರೇ ಎಂದು ನೋಡಬೇಕು. ತಾಂತ್ರಿಕ ಪಠ್ಯದಲ್ಲಿಯಾದರೆ, ಗುರುವಿನ ನೆರವಿಲ್ಲದೆ ಓದಿದವನು ಅದು ಹೇಳುವ ಕೆಲಸವನ್ನು ಮಾಡಬಲ್ಲನೇ, ತಪ್ಪಾದಾಗ ಎಲ್ಲಿ ತಪ್ಪಿದೆನೆಂದು ಪುಸ್ತಕದಿಂದಲೇ ಕಂಡುಕೊಳ್ಳಬಲ್ಲನೇ ಎಂದು ಪರೀಕ್ಷಿಸಬೇಕು. ತಿಕೋಟಾದ ದ್ರಾಕ್ಷಿ ಬೆಳೆಗಾರನು ಚಾಟನಿಯ, ಎಂದರೆ ಬಳ್ಳಿ ಸವರುವ ಕೆಲಸದ ಕೈಪಿಡಿಯನ್ನು ಬಳ್ಳಿಯ ಚಿಗುರಿನಿಂದ ಅಳೆಯುವಷ್ಟೇ ನಿಷ್ಠುರವಾಗಿ ಶಾಲೆಗಳು ತಮ್ಮ ಪಠ್ಯಗಳನ್ನು ಅಳೆಯುವಂತಾದರೆ, ಬಯಲಾಟದ ಪ್ರೇಕ್ಷಕರು ಕಥೆಯನ್ನು ಅಳೆಯುವಷ್ಟೇ ತಾಳ್ಮೆಯಿಂದ ಹಿರಿಯರು ಮಕ್ಕಳ ಆಟದ ಕಥೆಗಳನ್ನು ಓದಿ ನೋಡುವಂತಾದರೆ, ಗ್ರಂಥಪರೀಕ್ಷೆಯು ಮತ್ತೆ ಇಡೀ ಸಮಾಜದ ಕೆಲಸವಾಗುತ್ತದೆ.